ಪೇಜ್‌ಮೇಕರ್, ನುಡಿ, ಡಾಸ್ ಬಿಲ್ಲಿಂಗ್: ಹೊಸ ವಿಂಡೋಸ್‌ಗೆ ಸಾಗಿಸಿದವರು ಹೇಳಿ

ಪ್ರಶ್ನೆ (ಶಿರಸಿ ಕಡೆಯ ಪ್ರೆಸ್)

ಮದುವೆ ಕಾರ್ಡ್, ಬಿಲ್ ಬುಕ್ ಮಾಡೋ ಸಣ್ಣ ಪ್ರೆಸ್ ನಮ್ಮದು. ವಿಂಡೋಸ್ 7 ಪದೇ ಪದೇ ನಿಂತುಹೋಗ್ತಿತ್ತು ಅಂತ ರಿಪೇರಿಗೆ ಕೊಟ್ಟೆ. ಅವರು ರ‍್ಯಾಮ್ 8 ಜಿಬಿ ಮಾಡಿ, ಹೊಸ ಡಿಸ್ಕಿಗೆ 64 ಬಿಟ್ ವಿಂಡೋಸ್ 10 ಹಾಕಿಕೊಟ್ಟರು. ಹಳೇ ಡಿಸ್ಕ್ ಕೈಲಿದೆ. ಅದರ ಪ್ರೋಗ್ರಾಂ ಫೈಲ್ಸ್ ಪೂರ್ತಿ ಕಾಪಿ ಮಾಡಿದೆ. ಪುಟ ಜೋಡಿಸೋ ಪೇಜ್‌ಮೇಕರ್ 7 ಏಳ್ತಿಲ್ಲ, ಫಾಕ್ಸ್‌ಪ್ರೋ ಅನ್ನೋ ಹಳೇ ಡೇಟಾಬೇಸ್‌ನಲ್ಲಿ ಮಾಡಿಸಿದ್ದ ಡಾಸ್ (ವಿಂಡೋಸ್‌ಗಿಂತ ಹಿಂದಿನ ವ್ಯವಸ್ಥೆ) ಬಿಲ್ಲಿಂಗೂ ಏಳ್ತಿಲ್ಲ. ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ವರ್ಡ್ ಫೈಲೆಲ್ಲ ಅಡ್ಡಾದಿಡ್ಡಿ ಇಂಗ್ಲಿಷ್ ಆಗಿ ಕಾಣ್ತಿದೆ. ಲಗ್ನದ ಸೀಸನ್ ಬೇರೆ. ಇದನ್ನ ದಾಟಿದವರು ದಾರಿ ಹೇಳಿ.

ದಾವಣಗೆರೆ, ಡಿಟಿಪಿ

ಆ ಕಾಪಿ ಮಾಡೋ ಕೆಲಸಕ್ಕೆ ನಾನೂ ಒಂದು ಭಾನುವಾರ ಕಳ್ಕೊಂಡಿದ್ದೀನಿ. ಸಾಮಾನೆಲ್ಲ ಲಾರಿಗೆ ಹೇರ್ಕೊಂಡು ಬಂದ್ರಿ, ಖಾತೆ ಪತ್ರ ಹಳೇ ಮನೇಲೇ ಉಳೀತು. ಇಲ್ಲಿ ಪತ್ರ ಅಂದ್ರೆ ರಿಜಿಸ್ಟ್ರಿ (ಪ್ರೋಗ್ರಾಂಗಳ ವಿವರ ವಿಂಡೋಸ್ ಬರೆದಿಟ್ಟುಕೊಳ್ಳೋ ಜಾಗ), ಜೊತೆಗೆ ಸಿಸ್ಟಮ್ ಫೋಲ್ಡರಿನಲ್ಲಿ ಕೂತಿರೋ ಡಿಎಲ್‌ಎಲ್ ಅನ್ನೋ ಸಹಾಯಕ ಫೈಲ್‌ಗಳು. ಸಿಡಿ, ಸೀರಿಯಲ್ ನಂಬರ್ ಹುಡುಕಿ ಹೊಸದಾಗಿಯೇ ಇನ್‌ಸ್ಟಾಲ್ ಮಾಡಿ. ಸೆಟಪ್ ಮೇಲೆ ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ, ಆಮೇಲೆ ಕಂಪ್ಯಾಟಿಬಿಲಿಟಿಯಲ್ಲಿ ಎಕ್ಸ್‌ಪಿ ಆರಿಸಿ. ನನ್ನಲ್ಲಿ ಹೀಗೇ ಓಡ್ತಿದೆ. ಅದಕ್ಕೂ ಮೊದಲು ಒಂದು ಪ್ರಿಂಟರ್ ಸೇರಿಸಿ ಡೀಫಾಲ್ಟ್ ಮಾಡಿರಿ. ಪ್ರಿಂಟರ್ ಇಲ್ಲದ ಮನೆಯಲ್ಲಿ ಪೇಜ್‌ಮೇಕರ್ ಮುನಿಸಿಕೊಳ್ಳುತ್ತೆ.

ಅಕ್ಷರದ ವಿಷಯಕ್ಕೆ ಹೆದರಬೇಡಿ, ಫೈಲ್ ಕೆಟ್ಟಿಲ್ಲ. ‘ಕನ್ನಡ’ ಅಂತ ಬರೆದಿದ್ದ ಕಡೆ ಒಂದು ಪಿ, ತಲೆ ಮೇಲೆ ಗೀಟು ಹೊತ್ತ ಎ, ಬ್ರಿಟಿಷರ ಪೌಂಡ್ ಗುರುತು ಕಾಣ್ತಿದೆ ತಾನೆ? ಹಳೇ ನುಡಿ ಫಾಂಟ್ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿತ್ತು. ಫಾಂಟ್ ಹೋದ ಕೂಡಲೇ ಕೆಳಗಿನದು ಬಯಲಾಯ್ತು, ಅಷ್ಟೇ. ಹಳೇ ಡಿಸ್ಕಿನ ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಇದೆ. ಅಲ್ಲಿಂದ ನುಡಿ ಹೆಸರಿನವೆಲ್ಲ ಎತ್ತಿ ಹೊಸದಕ್ಕೆ ಹಾಕಿ. ಯಾರೋ ಬಂದು ‘ಎಲ್ಲ ಯೂನಿಕೋಡ್ ಮಾಡಿಬಿಡಿ’ (ಪ್ರತಿ ಭಾಷೆಯ ಅಕ್ಷರಕ್ಕೂ ಸ್ವಂತ ಸಂಕೇತ ಕೊಡೋ ಈಗಿನ ಪದ್ಧತಿ) ಅಂದ್ರೆ ಈಗಲೇ ಒಪ್ಪಬೇಡಿ. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತೇ ಇಲ್ಲ, 2001ರಲ್ಲಿ ಬಂದ 7ನೇ ಆವೃತ್ತಿಯೇ ಅದರ ಕೊನೆಯದು.

ತುಮಕೂರು

ಡಾಸ್ ಬಿಲ್ಲಿಂಗ್ ಮಾತ್ರ ಉಲ್ಟಾ. ಅದಕ್ಕೆ ರಿಜಿಸ್ಟ್ರಿ ಹಂಗಿಲ್ಲ, ಫೋಲ್ಡರ್ ಕಾಪಿ ಮಾಡಿದ್ದೇ ಸಾಕು. ಏಳದೇ ಇರೋದು 64 ಬಿಟ್ ವಿಂಡೋಸ್ ಡಾಸ್ ಕಾಲದ 16 ಬಿಟ್ ಪ್ರೋಗ್ರಾಂಗಳನ್ನ ಮುಟ್ಟೋದೇ ಇಲ್ಲ ಅನ್ನೋ ಕಾರಣಕ್ಕೆ. 32 ಬಿಟ್ ಹಾಕಿದ್ದರೆ ಓಡಿಸಬಹುದಿತ್ತು, ಆದರೆ 4 ಜಿಬಿ ಮೇಲಿನ ರ‍್ಯಾಮ್ ದಂಡ. ಹೊಸ ವಿಂಡೋಸ್ ಒಳಗೇ ಡಾಸ್ ಓಡಿಸೋ ತಂತ್ರಾಂಶಗಳಿವೆ: ಆಟಕ್ಕೆ ಡಾಸ್‌ಬಾಕ್ಸ್ ಚೆನ್ನ, ಬಿಲ್ಲಿಗೆ ವಿಡಾಸ್ ನೋಡಿ. ಬಿಲ್ಲಿಂಗ್ ಎಲ್‌ಪಿಟಿ1ಗೆ, ಅಂದ್ರೆ ಹಳೇ ಪ್ರಿಂಟರ್ ಪೋರ್ಟಿಗೆ, ಕಳಿಸಿದ್ದನ್ನ ವಿಂಡೋಸ್ ಪ್ರಿಂಟರಿಗೆ ತಲುಪಿಸುತ್ತೆ. ಲೆಕ್ಕ ಇರೋ ಡಿಬಿಎಫ್ ಫೈಲ್ ಒಂದನ್ನೇ ತರಬೇಡಿ, ಜೊತೆಗಿರೋ ಸಿಡಿಎಕ್ಸ್ (ಸೂಚಿ), ಎಫ್‌ಪಿಟಿ (ಉದ್ದದ ಟಿಪ್ಪಣಿ) ಫೈಲ್ ಬಿಟ್ಟು ಬಂದರೆ ಟೇಬಲ್ ತೆರೆಯೋದಿಲ್ಲ.

ಹುಬ್ಬಳ್ಳಿ

ನಾ ಹೇಳೂದು ಬ್ಯಾರೆ. ಇಷ್ಟ್ ಒದ್ದಾಡೂದ್ಯಾಕ್ರೀ? ಹಳೇ ಡಿಸ್ಕ್ ಜೋಡಿಸಿ ಡಿಸ್ಕ್2ವಿಎಚ್‌ಡಿ ಅನ್ನೂ ಸಾಧನದಿಂದ ಇಡೀದನ್ನ ಒಂದ ಫೈಲ್ ಮಾಡ್ರಿ, ವರ್ಚುವಲ್‌ಬಾಕ್ಸ್‌ನ್ಯಾಗ (ಕಂಪ್ಯೂಟರ್ ಒಳಗ ಇನ್ನೊಂದು ಕಂಪ್ಯೂಟರ್ ಓಡಿಸೂ ತಂತ್ರಾಂಶ) ಎಬ್ಬಸ್ರಿ. ನಂದು ಮೊದಲ ನೀಲಿ ಪರದೆ ತೋರಿಸ್ತು, ಅದರ ಸೆಟ್ಟಿಂಗ್‌ನ್ಯಾಗ ಡಿಸ್ಕ್ ಕಂಟ್ರೋಲರ್ ಐಡಿಇ (ಹಳೇ ನಮೂನಿ) ಮಾಡಿದ ಮ್ಯಾಲೆ ಎದ್ದು ಕುಂತ್ತು. ಆ್ಯಕ್ಟಿವೇಶನ್ ಮತ್ತ ಕೇಳ್ತದ, ಅದೊಂದ ತಲಿನೋವು. ಅದಕ್ಕ ನೆಟ್ ಮಾತ್ರ ಕೊಡಬ್ಯಾಡ್ರಿ, ವಿಂಡೋಸ್ 7ಕ್ಕ 2020ರ ಜನವರಿಗೇ ಅಪ್‌ಡೇಟ್ ನಿಂತಾವ. ನಿಮ್ಮ ಹೊಸಾ ವಿಂಡೋಸ್ 10ಕ್ಕೂ 2025ರ ಅಕ್ಟೋಬರಿಗೆ ಮುಗದದ, ಅಂಗಡಿಯವ್ರು ಹೇಳಿರಲಿಕ್ಕಿಲ್ಲ.

ಪುತ್ತೂರು

ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡುವ ಮೊದಲು ಒಂದು ಜಾಗ ನೋಡಿ. ವಿಂಡೋಸ್ ವಿಸ್ಟಾದಿಂದ ಈಚೆಗೆ, ಹಳೇ ಸಾಫ್ಟ್‌ವೇರ್ ಪ್ರೋಗ್ರಾಂ ಫೈಲ್ಸ್ ಒಳಗೆ ಸೇವ್ ಮಾಡಲು ಹೋದರೆ ವಿಂಡೋಸ್ ಬೇಡ ಅನ್ನುವುದಿಲ್ಲ, ಸದ್ದಿಲ್ಲದೆ ಬೇರೆ ಕಡೆ ಬರೆಯುತ್ತದೆ. ಯೂಸರ್ ಫೋಲ್ಡರ್, ಅದರಲ್ಲಿ ಆ್ಯಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್. ಆ್ಯಪ್‌ಡೇಟಾ ಅಡಗಿರುತ್ತದೆ, ಹಿಡನ್ ಫೈಲ್ ತೋರಿಸು ಅನ್ನಬೇಕು. ನಮ್ಮ ಸೊಸೈಟಿಯ ಎರಡು ತಿಂಗಳ ಲೆಕ್ಕ ಅಲ್ಲಿ ಸಿಕ್ಕಿತ್ತು, ಅಷ್ಟರಲ್ಲಿ ಕಾರ್ಯದರ್ಶಿಯವರ ಬಿಪಿ ಏರಿ ಆಗಿತ್ತು.

ಕೇಳಿದವರು, ಮರುದಿನ

ಪುತ್ತೂರಿನವರಿಗೆ ಕಾಫಿ ಬಾಕಿ. ಕಾರ್ಡಿನ ಮಾದರಿಗಳನ್ನ ಪೇಜ್‌ಮೇಕರ್ ಫೋಲ್ಡರಿಗೇ ಸೇವ್ ಮಾಡ್ತಿದ್ದೆ, ಕಾಪಿ ಮಾಡಿ ತಂದದ್ದರಲ್ಲಿ ಹನ್ನೊಂದೇ ಇದ್ದವು. ಉಳಿದ ನೂರಕ್ಕೂ ಮಿಕ್ಕಿ ವರ್ಚುವಲ್‌ಸ್ಟೋರಿನಲ್ಲಿ ಕೂತಿದ್ದವು, ಗಣಪತಿ ಬಾರ್ಡರ್ ಸಮೇತ. ಫಾಂಟ್ ಹಾಕಿದ್ದೇ ಕನ್ನಡ ಬಂತು. ವಿಡಾಸ್‌ನಲ್ಲಿ ಬಿಲ್ಲೂ ಬಂತು, ಆದರೆ ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಪ್ರತಿ ಬಿಲ್ಲಿಗೂ ಒಂದೊಂದು ಇಂಚು ಕೆಳಗೆ ಸರೀತಿದೆ, ಐದನೇ ಬಿಲ್ಲಿನ ಟೋಟಲ್ ಪರ್ಫೊರೇಶನ್ ಮೇಲೆ ಬೀಳ್ತಿದೆ. ಕಾಗದದ ಉದ್ದ ಎಲ್ಲಿ ಹೇಳಬೇಕು, ವಿಡಾಸ್‌ನಲ್ಲೋ ಪ್ರಿಂಟರ್ ಡ್ರೈವರಿನಲ್ಲೋ?