ಮೊದಲ ಕ್ವಿಲ್ಟ್‌ಗೆ ಬಟ್ಟೆ ತರೋಕೆ ಚಿಕ್ಕಪೇಟೆಗೆ ಹೊರಟಿದ್ದೇನೆ, ಅನುಭವ ಇದ್ದವರು ಹೇಳಿ

ಹೊಸಸೂಜಿ:
ತಂಗಿಗೆ ಇನ್ನು ಮೂರು ತಿಂಗಳಿಗೆ ಹೆರಿಗೆ. ಮಗುವಿಗೆ 36 ಇಂಚು ಅಗಲ, 45 ಇಂಚು ಉದ್ದದ ಕ್ವಿಲ್ಟ್ (ಬಟ್ಟೆ ತುಂಡು ಜೋಡಿಸಿ, ಒಳಗೆ ಪದರ ಇಟ್ಟು ಹೊಲಿಯೋ ಹೊದಿಕೆ) ಹೊಲಿಯೋಣ ಅಂತ ಆಸೆ. ಶನಿವಾರ ಚಿಕ್ಕಪೇಟೆಗೆ ಹೋಗುತ್ತಿದ್ದೇನೆ. ಕೈಯಲ್ಲಿ ಎರಡೂವರೆ ಸಾವಿರ ಇದೆ. ಬಟ್ಟೆ ಮೀಟರ್ ಲೆಕ್ಕದಲ್ಲಿ ತಗೊಳ್ಳೋದಾ, ಕೆಜಿ ಲೆಕ್ಕದ ಕಟ್‌ಪೀಸಾ? ಒಳಗೆ ಹಾಕೋ ಮೆತ್ತನೆ ಪದರ, ಅಂದರೆ ವ್ಯಾಡಿಂಗ್, ಯಾವುದು?

ಸೂಜಿಮಲ್ಲಿಗೆ:
ಕೆಜಿ ಲೆಕ್ಕದ ಹತ್ತಿರ ಹೋಗಲೇಬೇಡಿ. ನಾನು ಮೂರು ಕೆಜಿ ತಂದೆ. ಕೆಜಿಗೆ 420, ಒಟ್ಟು 1,260. ಪೂರ್ತಿ ಕಾಟನ್ ಅಂತ ಅಂಗಡಿಯವನು ಆಣೆ ಇಟ್ಟ. ಮನೆಗೆ ಬಂದು ಒಂದೊಂದು ಎಳೆ ಕಿತ್ತು ಕಡ್ಡಿ ಗೀರಿ ನೋಡಿದೆ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ, ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಒಂದು ಕೆಜಿ ನೂರು ಗ್ರಾಂ ಗುಂಡೇ ಗುಂಡು! 462 ರೂಪಾಯಿ ಬೂದಿಯೂ ಆಗಲಿಲ್ಲ. ಆಟೋಗೆ ಕೊಟ್ಟ 240 ಬೇರೆ.

ಅದೂ ಹೋಗಲಿ. ಉಳಿದದ್ದರಲ್ಲಿ ಒಂದು ಮರೂನ್ ತುಂಡಿತ್ತು. ಉಪ್ಪು, ವಿನೆಗರ್ ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಅಂದರು, ನೆನೆಸಿದೆ. ಏನೂ ನಿಲ್ಲಲಿಲ್ಲ. ಎರಡೂವರೆ ತಿಂಗಳು ಕೂತು ಹೊಲಿದ ಡಬಲ್ ಕಾಟ್ ಕ್ವಿಲ್ಟ್, ಮೊದಲ ಒಗೆತಕ್ಕೇ ಬಿಳಿಯೆಲ್ಲ ಬೀಟ್‌ರೂಟ್ ಪಲ್ಯದ ನೀರು. ಈಗ ಅದರ ಮೇಲೆ ನಾಯಿ ಮಲಗುತ್ತದೆ.

ಅರ್ಧಮೀಟರ್:
ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತೆ ಅಂತ ಇನ್ನೂ ನಂಬುವವರಿದ್ದಾರಾ? ಉಪ್ಪಿನ ಕೆಲಸ ಬಣ್ಣ ಹಾಕುವಾಗ. ಆಮೇಲೆ ಹಾಕಿದರೆ ಉಪ್ಪು ದಂಡ. ತುಂಡಿಗೆ ಬಿಸಿನೀರಲ್ಲಿ ಸೋಪು ಹಾಕಿ, ನೀರು ತಿಳಿಯಾಗುವವರೆಗೆ ಒಗೆಯಬೇಕು. ತಿಳಿಯಾಗದಿದ್ದರೆ ಅದು ಕ್ವಿಲ್ಟಿಗಲ್ಲ, ಅಷ್ಟೇ.

ನನ್ನ ಲೆಕ್ಕ ಕೇಳಿ. 44 ಇಂಚು ಪನ್ನದ (ಅಗಲದ) ಕೇಂಬ್ರಿಕ್ ಕಾಟನ್, ಒಂಬತ್ತು ಬಣ್ಣ, ಅರ್ಧರ್ಧ ಮೀಟರ್. ಮೀಟರಿಗೆ 130, ಒಟ್ಟು 585. ಪಕ್ಕದ ಅಂಗಡಿಯಲ್ಲಿ 125 ಅಂದರು. ಕೇಳಿದರೆ ಅದು ಗಜದ ಲೆಕ್ಕ. ಗಜ ಅಂದರೆ 91.44 ಸೆಂಟಿಮೀಟರ್. ಮೀಟರಿಗೆ 136 ರೂಪಾಯಿ 70 ಪೈಸೆ ಬೀಳುತ್ತದೆ. ಜನ ಅಗ್ಗ ಅಂತ ಅಲ್ಲೇ ಮುಗಿಬಿದ್ದಿದ್ದರು. ನಾನು ಮೆಟ್ರೋದಲ್ಲಿ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದವನು, ಆಟೋ ಕಾಸೂ ಇಲ್ಲ.

ಒಂದೇ ಪೆಟ್ಟು ಬಿದ್ದದ್ದು: ಒಗೆದ ಮೇಲೆ 50 ಸೆಂಟಿಮೀಟರ್ 47.5 ಆಯಿತು. ಹಳದಿ ಸಾಲದೆ ಬಂತು. ಮತ್ತೆ ಹೋದರೆ ಅದೇ ಅಂಗಡಿ, ಅದೇ ನಂಬರ್, ಆದರೆ ಬಣ್ಣ ಹಾಕಿದ ಲಾಟ್ ಬೇರೆ, ಹಳದಿ ಹೊಂದಲಿಲ್ಲ. ಮೂರು ಸಲ ಅಲೆದೆ. ಒಮ್ಮೆ ಭಾನುವಾರ ಹೋಗಿ ಮುಚ್ಚಿದ ಶಟರುಗಳನ್ನು ನೋಡಿಕೊಂಡು ಬಂದೆ.

ಸೂಜಿಮಲ್ಲಿಗೆ:
ಎಪ್ಪತ್ತು ಪೈಸೆ ಲೆಕ್ಕ ಹಾಕಿದವರಿಗೆ ಬಟ್ಟೆ ಕುಗ್ಗುತ್ತೆ ಅನ್ನೋ ಲೆಕ್ಕ ಗೊತ್ತಿರಲಿಲ್ವಾ? ಅಯ್ಯೋ ಪಾಪ.

ಟೆಕ್ಸಸ್ ಹೊಲಿಗೆ:
ನಾನಿರೋದು ಡಲ್ಲಾಸ್ ಹತ್ತಿರ. ಹ್ಯೂಸ್ಟನ್‌ನ ಜಾರ್ಜ್ ಆರ್. ಬ್ರೌನ್ ಕನ್ವೆನ್ಷನ್ ಸೆಂಟರ್‌ನಲ್ಲಿ ಶರತ್ಕಾಲದಲ್ಲಿ ದೊಡ್ಡ ಕ್ವಿಲ್ಟ್ ಫೆಸ್ಟಿವಲ್ ನಡೆಯುತ್ತದೆ. ಅದರ ಮುಂಚೆ ಕ್ವಿಲ್ಟ್ ಮಾರ್ಕೆಟ್. ಅದು ಅಂಗಡಿಯವರಿಗೆ ಮಾತ್ರ. ನಾನು ಮಾರ್ಕೆಟ್ ಅಂದರೆ ನಮ್ಮ ಸಂತೆ ತರಹ ಅಂದುಕೊಂಡು ಆ ದಿನಕ್ಕೇ ರಜೆ ಹಾಕಿ, ಎರಡು ರಾತ್ರಿಗೆ ಹೋಟೆಲ್ ಬುಕ್ ಮಾಡಿದ್ದೆ. 310 ಡಾಲರ್. ಬಾಗಿಲಲ್ಲೇ ವಾಪಸ್. ತಪ್ಪು ನನ್ನದೇ, ಆದರೂ ಗಂಡ ಈಗಲೂ ಆಡಿಕೊಳ್ಳುತ್ತಾರೆ.

ಮುಂದಿನ ವರ್ಷ ಫೆಸ್ಟಿವಲ್‌ಗೇ ಹೋದೆ. ಅಲ್ಲಿ ಫ್ಯಾಟ್ ಕ್ವಾರ್ಟರ್ ಅಂತ 18ಕ್ಕೆ 22 ಇಂಚಿನ ತುಂಡು ಮಡಿಚಿ ಚಾಕಲೇಟ್ ತರಹ ಇಟ್ಟಿರುತ್ತಾರೆ. ನಾಲ್ಕು ತಗೊಂಡರೆ ಒಂದು ಗಜ. ಅದು ಮರೆತು ಹೋಗಿ ನಲವತ್ತೊಂದು ತಗೊಂಡೆ. ಊರಿಗೆ ಬರುವಾಗ 23 ಕೆಜಿ ಸೂಟ್‌ಕೇಸ್ ತುಂಬ ಕಾಟನ್ ಬ್ಯಾಟಿಂಗ್ (ವ್ಯಾಡಿಂಗ್‌ಗೆ ಇಲ್ಲಿ ಹಾಗಂತಾರೆ). ತೂಕ ಬರಲಿಲ್ಲ, ಜಾಗವೇ ಮುಗಿದುಹೋಯಿತು. ಅಮ್ಮ ನೋಡಿ, "ಅಲ್ವೇ, ರಾಣೆಬೆನ್ನೂರಲ್ಲಿ ಹತ್ತಿ ಬೆಳೆಯೋದು ನಿಲ್ಲಿಸಿದ್ದಾರೇನೇ?" ಅಂದರು.

ಕೌದಿಮನೆ, ಧಾರವಾಡ:
ನಿಮ್ಮಮ್ಮ ಹೇಳಿದ್ದೇ ಖರೇ. ಇಷ್ಟೆಲ್ಲ ಯಾಕ್ರೀ? ನಾಲ್ಕು ಹಳೇ ಸೀರೆ, ಒಂದು ಧೋತ್ರ, ದಪ್ಪ ದಾರ. ಆಯ್ತು ಕೌದಿ. ನಮ್ಮವ್ವ ಯಾವ ಮಾರ್ಕೆಟ್ಟಿಗೂ ಹೋಗಲಿಲ್ಲ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯೋದು ನೋಡಿ. ಅಂಚಿನಿಂದ ಹಿಡಿದು ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗೆ ಮಡಿಚಿದ ಪುಟ್ಟ ತುಂಡು, ಅದಕ್ಕೆ ಫುಲಾ ಅಂತಾರೆ. ಅದಿಲ್ಲದಿದ್ದರೆ ಕೌದಿ ಮುಗಿದಂತೆಯೇ ಅಲ್ಲ. ಅದಕ್ಕೆಲ್ಲ ಕೇಂಬ್ರಿಕ್ ಬೇಕಾ?

ಅರ್ಧಮೀಟರ್:
ಕೌದಿ ಬೇರೆ, ಕ್ವಿಲ್ಟ್ ಬೇರೆ. ಹಳೇ ಸೀರೆ ಎಷ್ಟು ದಿನ ಬಾಳುತ್ತದೆ ಅದೂ ಹೇಳಿ.

ಕೌದಿಮನೆ, ಧಾರವಾಡ:
ಬೇರೆ ಹೆಂಗೆ? ಪದರ ಇಲ್ವಾ, ಟಾಕಿ ಇಲ್ವಾ? ಇಂಗ್ಲಿಷ್ ಹೆಸರು ಇಟ್ಟರೆ ಮಾತ್ರ ಕಲೆಯಾ? ಹೌದು, ನನ್ನದೊಂದು ಎರಡೇ ವರ್ಷಕ್ಕೆ ಹರಿಯಿತು. ಸೀರೆ ಜೀರ್ಣವಾಗಿತ್ತು. ಎಳೆದು ನೋಡಿ ಆರಿಸಬೇಕಿತ್ತು, ಅವ್ವನ ಸೀರೆ ಅಂತ ಮನಸ್ಸು ತಡೆಯಲಿಲ್ಲ.

ಟೆಕ್ಸಸ್ ಹೊಲಿಗೆ:
ಅದು ಕೌದಿ ಅಲ್ಲ, ಕವದಿ ಅಲ್ವಾ?

ಕೌದಿಮನೆ, ಧಾರವಾಡ:
ಡಲ್ಲಾಸಿನವರು ನಮಗೆ ಕೌದಿ ಕಲಿಸೋದು ಒಂದೇ ಬಾಕಿ ಇತ್ತು ನೋಡ್ರೀ.

ಹೊಸಸೂಜಿ:
ಹೋಗಿ ಬಂದೆ. ಮೀಟರ್ ಲೆಕ್ಕದಲ್ಲೇ ತಗೊಂಡೆ, ಎರಡು ಅಂಗಡಿ ಸುತ್ತಿ 900 ಆಯಿತು. ಸೂಜಿ, ದಾರ ರಾಜಾ ಮಾರ್ಕೆಟ್‌ನಲ್ಲಿ ಸಿಕ್ಕಿತು, 160. ಎಲ್ಲ ಒಗೆದು ಹಗ್ಗಕ್ಕೆ ಹಾಕಿದ್ದೇನೆ. ಕೆಂಪು ಇನ್ನೂ ಬಣ್ಣ ಬಿಡ್ತಿದೆ. ವ್ಯಾಡಿಂಗ್ ಬಗ್ಗೆ ಮಾತ್ರ ಯಾರೂ ಹೇಳಲಿಲ್ಲ.

ಸೂಜಿಮಲ್ಲಿಗೆ:
ಪಾಲಿಯೆಸ್ಟರ್ 100 ಜಿಎಸ್ಎಂ (ಚದರ ಮೀಟರಿಗೆ 100 ಗ್ರಾಂ ತೂಗೋದು) ತಗೊಳ್ಳಿ. ಹಗುರ, ಬೇಗ ಒಣಗುತ್ತದೆ.

ಅರ್ಧಮೀಟರ್:
ಎಳೇ ಮಗುವಿಗೆ ಪಾಲಿಯೆಸ್ಟರಾ?! ಕೆಜಿಗೊಂದು ಗುಂಡು ಸಿಕ್ಕಿದ್ದು ಸಾಲಲಿಲ್ವಾ ನಿಮಗೆ?

ಕೌದಿಮನೆ, ಧಾರವಾಡ:
ನಡುವೆ ಒಂದು ಹಳೇ ಧೋತ್ರ ಹಾಕಿ ಅಂತ ಆಗಲೇ ಹೇಳಿದ್ದೆ.