ಕೆರಟೋಕೋನಸ್‌ಗೆ ಸಿ3ಆರ್: ಮಾಡಿಸುವ ಮುನ್ನ ಏನು ಕೇಳಬೇಕು?

ತಾಯಿ, ದಾವಣಗೆರೆ: ಮಗನಿಗೆ 17 ವರ್ಷ, ಎರಡೂ ಕಣ್ಣಿಗೆ ಕೆರಟೋಕೋನಸ್ (ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ರೋಗ). ಬಲಗಣ್ಣಿನ ಕೆ-ಮ್ಯಾಕ್ಸ್ (ಕಾರ್ನಿಯಾದ ಅತಿ ಹೆಚ್ಚು ಬಾಗಿದ ಜಾಗದ ಅಳತೆ) ಎಂಟು ತಿಂಗಳಲ್ಲಿ 52ರಿಂದ 54 ಡಯಾಪ್ಟರ್‌ಗೆ ಏರಿದೆ. ಕಾರ್ನಿಯಾದ ಅತಿ ತೆಳು ಜಾಗ 448 ಮೈಕ್ರಾನ್. ಡಾಕ್ಟರು ಸಿ3ಆರ್ (ರೈಬೋಫ್ಲೇವಿನ್ ಅಂದರೆ ವಿಟಮಿನ್ ಬಿ2 ಹನಿ ಹಾಕಿ, ಯುವಿ ಬೆಳಕು ಬಿಟ್ಟು ಕಾರ್ನಿಯಾ ಗಟ್ಟಿ ಮಾಡುವ ಚಿಕಿತ್ಸೆ) ಮಾಡಿಸಿ ಅಂದಿದ್ದಾರೆ. ದ್ವಿತೀಯ ಪಿಯುಸಿ ಪರೀಕ್ಷೆಗೆ ಐದು ತಿಂಗಳಿದೆ, ಅಲ್ಲಿವರೆಗೆ ಕಾಯಬಹುದಾ? ಮಾಡಿಸಿದರೆ ಕನ್ನಡಕ ಹೋಗುತ್ತಾ?

ಆಪ್ಟೋಮೆಟ್ರಿಸ್ಟ್, ಮೈಸೂರು: ಕನ್ನಡಕ ಹೋಗಲ್ಲ ಮೇಡಂ. ಸಿ3ಆರ್ ಕಾರ್ನಿಯಾದ ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬೆಸೆದು, ಅದು ಇನ್ನಷ್ಟು ಉಬ್ಬದಂತೆ ತಡೆಯುತ್ತೆ, ಅಷ್ಟೇ. ದೃಷ್ಟಿ ಚೊಕ್ಕವಾಗಲು ಆಮೇಲೆ ಆರ್‌ಜಿಪಿ (ಗಾಳಿಯಾಡುವ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್) ಅಥವಾ ಸ್ಕ್ಲೀರಲ್ ಲೆನ್ಸ್ (ಕಣ್ಣಿನ ಬಿಳಿ ಭಾಗದ ಮೇಲೆ ಕೂರುವ ದೊಡ್ಡ ಲೆನ್ಸ್) ಬೇಕಾಗಬಹುದು.

ವರ್ಷದೊಳಗೆ ಕೆ-ಮ್ಯಾಕ್ಸ್ 1 ಡಯಾಪ್ಟರ್ ಏರಿದರೂ ರೋಗ ಮುಂದುವರಿಯುತ್ತಿದೆ ಎಂದೇ ಹಿಡಿಯುತ್ತಾರೆ. ನಿಮ್ಮ ಮಗನದು 2 ಏರಿದೆ. ಈ ವಯಸ್ಸಿನಲ್ಲಿ ಅದು ಬೇಗ ಬೆಳೆಯುತ್ತೆ, ಐದು ತಿಂಗಳು ಕಾಯುವುದು ಬೇಡ. ಆದರೆ ಎರಡೂ ಸ್ಕ್ಯಾನ್ ಒಂದೇ ಕಂಪನಿಯ ಮಷಿನ್‌ನಲ್ಲಿ ತೆಗೆದದ್ದಾ ನೋಡಿಕೊಳ್ಳಿ. ಬೇರೆ ಬೇರೆ ಮಷಿನ್‌ನ ಅಂಕಿಗಳನ್ನು ಹೋಲಿಸಿದರೆ ಲೆಕ್ಕ ತಪ್ಪುತ್ತೆ. ಲೆನ್ಸ್ ಹಾಕುವವನಾದರೆ ಸ್ಕ್ಯಾನ್‌ಗೆ ಮುನ್ನ ಸಾಫ್ಟ್ ಲೆನ್ಸ್ ಕನಿಷ್ಠ ಒಂದು ವಾರ, ಆರ್‌ಜಿಪಿ ಎರಡು-ಮೂರು ವಾರ ಬಿಟ್ಟಿರಬೇಕು. ಲೆನ್ಸ್ ಒತ್ತಿದ ಕಾರ್ನಿಯಾ ತನ್ನ ಆಕಾರಕ್ಕೆ ಮರಳಲು ಅಷ್ಟು ದಿನ ಬೇಕು.

ಕಾರ್ನಿಯಾ ಓಟಿ ನರ್ಸ್, ಬೆಂಗಳೂರು: ಆ 448ರ ಬಗ್ಗೆ ಡಾಕ್ಟರನ್ನು ಬಿಡಿಸಿ ಕೇಳಿ. ಸಿ3ಆರ್‌ನಲ್ಲಿ ಮೇಲಿನ ಎಪಿಥೀಲಿಯಂ ಪದರವನ್ನು ಸುಮಾರು 8-9 ಮಿ.ಮೀ. ಅಗಲ ಕೆರೆದು ತೆಗೆಯುತ್ತಾರೆ. ಅದೇ ಸುಮಾರು 50 ಮೈಕ್ರಾನ್. ಉಳಿಯುವುದು 400ರ ಆಸುಪಾಸು, ಅದೇ ಸುರಕ್ಷತೆಯ ಗಡಿ. ಅದಕ್ಕಿಂತ ತೆಳುವಾದರೆ ಯುವಿ ಕಿರಣ ಕಾರ್ನಿಯಾದ ಒಳಪದರ ಎಂಡೋಥೀಲಿಯಂವರೆಗೆ ಇಳಿದು ಹಾನಿ ಮಾಡಬಹುದು, ಆ ಜೀವಕೋಶಗಳು ಮತ್ತೆ ಹುಟ್ಟಲ್ಲ. ಡೆಕ್ಸ್ಟ್ರಾನ್ ಬೆರೆತ ರೈಬೋಫ್ಲೇವಿನ್ ಹನಿ ಕಾರ್ನಿಯಾದ ನೀರು ಎಳೆದು ಇನ್ನೂ ತೆಳು ಮಾಡುತ್ತೆ. ಹೈಪೋ-ಆಸ್ಮೋಲಾರ್ (ಲವಣಾಂಶ ಕಮ್ಮಿಯಿರುವ) ದ್ರಾವಣ ಕಾರ್ನಿಯಾಕ್ಕೆ ನೀರು ತುಂಬಿ ದಪ್ಪ ಮಾಡುತ್ತೆ. "ಪದರ ತೆಗೆದ ಮೇಲೂ, ಹನಿ ನೆನೆಸಿದ ಮೇಲೂ ಪ್ಯಾಕಿಮೀಟರ್‌ನಲ್ಲಿ ದಪ್ಪ ಅಳೆಯುತ್ತೀರಾ? 400ಕ್ಕಿಂತ ಕಮ್ಮಿ ಬಂದರೆ ಏನು ಮಾಡುತ್ತೀರಿ?" ಈ ಎರಡು ಪ್ರಶ್ನೆ ಮರೆಯಬೇಡಿ.

ಡ್ರೆಸ್ಡೆನ್ ಎಂಬ ಮೂಲ ವಿಧಾನದಲ್ಲಿ 30 ನಿಮಿಷ ಹನಿ, ಆಮೇಲೆ ಚದರ ಸೆಂಟಿಮೀಟರ್‌ಗೆ 3 ಮಿಲಿವ್ಯಾಟ್ ತೀವ್ರತೆಯಲ್ಲಿ 30 ನಿಮಿಷ ಯುವಿ ಬೆಳಕು. ವೇಗದ ವಿಧಾನದಲ್ಲಿ 9 ಮಿಲಿವ್ಯಾಟ್, 10 ನಿಮಿಷ. ಒಟ್ಟು ಶಕ್ತಿ ಎರಡರಲ್ಲೂ ಚದರ ಸೆಂಟಿಮೀಟರ್‌ಗೆ 5.4 ಜೌಲ್. ಮರಗಟ್ಟಿಸುವ ಹನಿ ಹಾಕಿರುವುದರಿಂದ ಆಗ ನೋವಿರಲ್ಲ.

ನೋವು ಮನೆಗೆ ಹೋದ ಮೇಲೆ. ಮೊದಲ ಎರಡು-ಮೂರು ದಿನ ಉರಿ, ನೀರು ಸುರಿಯುವುದು, ಬೆಳಕು ನೋಡಲಾಗದಿರುವುದು ಸಹಜ. ಗಾಯ ಮಾಯುವವರೆಗೆ ಕಣ್ಣಿಗೆ ಹಾಕುವ ಬ್ಯಾಂಡೇಜ್ ಲೆನ್ಸ್ ಮೂರರಿಂದ ಐದು ದಿನ ಇರುತ್ತೆ, ಬಿದ್ದುಹೋದರೆ ತೊಳೆದು ಮತ್ತೆ ಹಾಕಬೇಡಿ, ಆಸ್ಪತ್ರೆಗೆ ಹೋಗಿ. ಇಳಿಯುತ್ತಿದ್ದ ನೋವು ಮತ್ತೆ ಏರಿದರೆ, ಕೀವು ಬಂದರೆ, ಬಿಳಿ ಚುಕ್ಕೆ ಕಂಡರೆ ಸೋಂಕಿರಬಹುದು, ಅವತ್ತೇ ತೋರಿಸಿ. ಸ್ಟೀರಾಯ್ಡ್ ಹನಿಯನ್ನು ಬರೆದುಕೊಟ್ಟಂತೆ ನಿಧಾನಕ್ಕೆ ಇಳಿಸಬೇಕು. ನಿಮ್ಮಷ್ಟಕ್ಕೆ ನಿಲ್ಲಿಸುವುದೂ ತಪ್ಪು, ಮೆಡಿಕಲ್‌ನಿಂದ ತಂದು ಮುಂದುವರಿಸುವುದೂ ತಪ್ಪು: ಹಾಗೆ ಮುಂದುವರಿಸಿದರೆ ಕಣ್ಣಿನ ಒತ್ತಡ ಏರಬಹುದು. ಹಿಂದೆ ಕಣ್ಣಿಗೆ ಹರ್ಪಿಸ್ ವೈರಸ್ ಸೋಂಕು ಆಗಿದ್ದರೆ ಮೊದಲೇ ಹೇಳಿ.

ತಾಯಿ, ದಾವಣಗೆರೆ: ಎರಡೂ ಕಣ್ಣು ಒಟ್ಟಿಗೆ ಮಾಡಿಸಬಹುದಾ?

ಆಪ್ಟೋಮೆಟ್ರಿಸ್ಟ್, ಮೈಸೂರು: ಓದುವ ಹುಡುಗನಿಗೆ ಒಂದೊಂದಾಗಿ ಮಾಡಿಸುವುದು ಮೇಲು. ಮೊದಲ ಒಂದು ತಿಂಗಳು ದೃಷ್ಟಿ ಮೊದಲಿಗಿಂತ ಮಂಜಾಗಿರುತ್ತೆ, ಸ್ಕ್ಯಾನ್‌ನಲ್ಲೂ ಕೆ-ಮ್ಯಾಕ್ಸ್ ಏರಿದಂತೆ ಕಾಣಬಹುದು. ಗಾಬರಿ ಬೇಡ. ಫಲ ಗೊತ್ತಾಗಲು ಆರು ತಿಂಗಳಾದರೂ ಬೇಕು.

ಟಿಪಿಎ (ಇನ್ಶೂರೆನ್ಸ್ ಕ್ಲೇಮು ನೋಡಿಕೊಳ್ಳುವ ಸಂಸ್ಥೆ) ಡೆಸ್ಕ್ ಸಿಬ್ಬಂದಿ, ಹುಬ್ಬಳ್ಳಿ: ಇನ್ಶೂರೆನ್ಸ್ ಇದ್ದರೆ ಚಿಕಿತ್ಸೆಗೆ ಮುನ್ನ ಒಪ್ಪಿಗೆ ಕೇಳುವ ಪ್ರೀ-ಆಥರೈಸೇಶನ್ ಅರ್ಜಿಯಲ್ಲಿ "ಪ್ರೋಗ್ರೆಸಿವ್ ಕೆರಟೋಕೋನಸ್" (ಮುಂದುವರಿಯುತ್ತಿರುವ ರೋಗ) ಅಂತಲೇ ಬರೆಸಿ, ಎರಡೂ ಸ್ಕ್ಯಾನ್ ಲಗತ್ತಿಸಿ. ಪಾಲಿಸಿಗಳಲ್ಲಿ 7.5 ಡಯಾಪ್ಟರ್‌ಗಿಂತ ಕಮ್ಮಿ ಇರುವ ದೃಷ್ಟಿದೋಷದ ಚಿಕಿತ್ಸೆಗೆ ಹಣ ಇಲ್ಲ ಎಂಬ ಷರತ್ತಿರುತ್ತೆ. ಇದು ಕನ್ನಡಕ ತೆಗೆಸುವ ಲೇಸರ್ ಅಲ್ಲ ಎಂದು ಡಾಕ್ಟರ ಪತ್ರದಲ್ಲಿ ಸ್ಪಷ್ಟವಿರಲಿ.

ಕಾರ್ನಿಯಾ ಓಟಿ ನರ್ಸ್, ಬೆಂಗಳೂರು: ಒಂದು ಬಿಟ್ಟುಹೋಯಿತು. ಹುಡುಗ ಕಣ್ಣು ಉಜ್ಜುತ್ತಾನಾ? ಉಜ್ಜುತ್ತಿದ್ದರೆ ಅಲರ್ಜಿಗೆ ಹನಿ ಈಗಲೇ ಶುರುವಾಗಲಿ, ಮಲಗುವಾಗ ಕಣ್ಣು ದಿಂಬಿಗೆ ಒತ್ತದಿರಲಿ. ಉಜ್ಜುವುದು ನಿಲ್ಲದಿದ್ದರೆ ಸಿ3ಆರ್ ಆದ ಕಣ್ಣೂ ಮತ್ತೆ ಉಬ್ಬಬಹುದು.