ವೀಡಿಯೋ ಕಾಲ್‌ನಲ್ಲಿ ಎಂಟು ಜನ ಒಟ್ಟಿಗೆ ಯುಕುಲೇಲೆ ನುಡಿಸೋಕೆ ಆಗೋದೇ ಇಲ್ವಾ?

ತಾಳತಪ್ಪಿದವಳು:
ನಾವು ಎಂಟು ಜನ ಇದ್ದೇವೆ. ಯುಕುಲೇಲೆ (ಗಿಟಾರ್ ಥರದ, ನಾಲ್ಕು ತಂತಿಯ ಪುಟ್ಟ ವಾದ್ಯ) ಕಲಿಯೋಕೆ ಶುರು ಮಾಡಿ ಒಂದೆರಡು ವರ್ಷ ಆದವರು, ಯಾರೂ ಪಂಡಿತರಲ್ಲ. ಒಬ್ಬೊಬ್ಬರು ಒಂದೊಂದು ಊರಿನಲ್ಲಿ ಇರುವುದರಿಂದ ವಾರಕ್ಕೊಮ್ಮೆ ಗ್ರೂಪ್ ಕಾಲ್‌ನಲ್ಲಿ ಸೇರಿ ನುಡಿಸೋಣ ಅಂತ ಮಾತಾಡಿಕೊಂಡೆವು. ನಾಲ್ಕು ವಾರ ಆಯಿತು. ನಾಲ್ಕೂ ವಾರ ಅದೇ ಗೋಳು.

ತೀರಾ ಸುಲಭದ ಹಾಡು, ಸಿ, ಎಫ್, ಜಿ7, ಮೂರೇ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು). ಒಬ್ಬರು "ಒಂದು, ಎರಡು, ಮೂರು, ನಾಲ್ಕು" ಅಂತ ಎಣಿಸುತ್ತಾರೆ, ಎಲ್ಲರೂ ಶುರು ಮಾಡುತ್ತೇವೆ. ಮೊದಲ ಸಾಲು ಮುಗಿಯುವ ಹೊತ್ತಿಗೆ ಯಾರೋ ಎಫ್‌ನಲ್ಲಿ ಇರುತ್ತಾರೆ, ಯಾರೋ ಇನ್ನೂ ಸಿ ಬಿಟ್ಟಿರುವುದಿಲ್ಲ. ಒಬ್ಬರನ್ನೊಬ್ಬರು ಕಾಯುತ್ತಾ ಕಾಯುತ್ತಾ ಹಾಡು ನಿಧಾನವಾಗಿ, ಇನ್ನೂ ನಿಧಾನವಾಗಿ, ಕೊನೆಗೆ ಎತ್ತಿನ ಗಾಡಿ ಕೆಸರಲ್ಲಿ ಹೂತ ಹಾಗೆ ನಿಂತೇ ಹೋಗುತ್ತದೆ. ಸಾಲದ್ದಕ್ಕೆ, ಒಮ್ಮೆ ಒಬ್ಬರ ಸದ್ದು ಮಾತ್ರ ಕೇಳಿಸುತ್ತದೆ, ಮಿಕ್ಕವರೆಲ್ಲ ಮಾಯ. ಯಾರಾದರೂ ಕೆಮ್ಮಿದರೆ ಕೆಮ್ಮು ಚೆನ್ನಾಗಿ ಕೇಳಿಸುತ್ತದೆ, ಯುಕುಲೇಲೆ ಮಾತ್ರ ಇಲ್ಲ!

ಇಂಟರ್ನೆಟ್ ಸ್ಪೀಡ್ ಜಾಸ್ತಿ ಮಾಡಿಸಿಕೊಳ್ಳಿ ಅಂದರು. ಮೂರು ಜನ ಮಾಡಿಸಿಕೊಂಡೆವು, ಏನೂ ಬದಲಾಗಲಿಲ್ಲ. ಆ್ಯಪ್ ಬದಲಿಸಬೇಕಾ, ಅಥವಾ ನಮಗೇ ತಾಳ ಜ್ಞಾನ ಇಲ್ವಾ?

ಕೇಬಲ್_ಭಕ್ತ:
ನಿಮ್ಮ ತಾಳದ ತಪ್ಪಲ್ಲ, ಸಮಾಧಾನ ಮಾಡಿಕೊಳ್ಳಿ. ಎಂಥ ಕಲಾವಿದರನ್ನು ಕೂರಿಸಿದರೂ ಸಾಮಾನ್ಯ ವೀಡಿಯೋ ಕಾಲ್‌ನಲ್ಲಿ ಇದೇ ಗತಿ.

ಲೆಕ್ಕ ನೋಡಿ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಒಂದೇ ಕೋಣೆಯಲ್ಲಿ ಮೂರೂವರೆ ಮೀಟರ್ ದೂರ ಕೂತರೆ ನಿಮ್ಮ ಸದ್ದು ನನಗೆ 10 ಮಿಲಿಸೆಕೆಂಡ್ ತಡವಾಗಿ ಬರುತ್ತದೆ, ಅದು ಗೊತ್ತೇ ಆಗುವುದಿಲ್ಲ. 25-30 ಮಿಲಿಸೆಕೆಂಡ್‌ವರೆಗೂ ಹೇಗೋ ನಿಭಾಯಿಸಬಹುದು. ವೀಡಿಯೋ ಕಾಲ್‌ನಲ್ಲಿ 150 ಮಿಲಿಸೆಕೆಂಡ್ ತಡ ಅನ್ನುವುದು ಮಾಮೂಲಿ. ಅಂದರೆ ಐವತ್ತು ಮೀಟರ್ ಆಚೆ ನಿಂತವರ ಜೊತೆ ತಾಳ ಹಾಕಿದ ಹಾಗೆ. ಅದೂ ಒಂದು ಕಡೆಯ ಲೆಕ್ಕ ಮಾತ್ರ! ನೀವು ಮೀಟಿದ್ದು ನನಗೆ 150 ತಡ, ಅದನ್ನು ಕೇಳಿ ನಾನು ಮೀಟಿದ್ದು ನಿಮಗೆ ತಲುಪಲು ಇನ್ನೊಂದು 150, ಒಟ್ಟು 300. ಹಾಡು 100 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 100 ಬೀಟ್‌ನಲ್ಲಿ ಇದ್ದರೆ ಒಂದು ಬೀಟ್‌ಗೆ 600 ಮಿಲಿಸೆಕೆಂಡ್. ಸರಿಯಾಗಿ ಅರ್ಧ ಬೀಟ್ ಹೋಯಿತು. ನಿಮ್ಮ ಡೌನ್ ಸ್ಟ್ರೋಕ್ ನನಗಾಗಿ ಕಾಯುತ್ತಿದ್ದರೆ ನಾನು ಬರುವುದು ಅಪ್ ಸ್ಟ್ರೋಕ್ ಜಾಗಕ್ಕೆ.

ಹಾಡು ನಿಧಾನವಾಗುತ್ತಾ ಹೋಗುವುದಕ್ಕೂ ಇದೇ ಕಾರಣ. ಎಲ್ಲರೂ ಒಳ್ಳೆಯವರಾಗಿ ಒಬ್ಬರನ್ನೊಬ್ಬರು ಕಾಯುತ್ತೀರಿ, ಅದೇ ತೊಂದರೆ. ಸ್ಟ್ಯಾನ್‌ಫರ್ಡ್‌ನವರು ಇಬ್ಬಿಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಚಪ್ಪಾಳೆ ತಟ್ಟಿಸಿ ಇದನ್ನು ಅಳೆದಿದ್ದಾರೆ. ತಡ ಜಾಸ್ತಿ ಆದಾಗ ಚಪ್ಪಾಳೆ ನಿಧಾನವಾಯಿತು. ತಮಾಷೆ ಅಂದರೆ ತಡ ತೀರಾ ಕಡಿಮೆ ಇದ್ದಾಗ ಉಲ್ಟಾ, ಓಡೋಕೆ ಶುರುವಾಯಿತು.

ಸ್ಪೀಡ್ ಜಾಸ್ತಿ ಮಾಡಿಸಿದ್ದು ಯಾಕೆ ಉಪಯೋಗಕ್ಕೆ ಬರಲಿಲ್ಲ ಅಂದರೆ, ರಸ್ತೆ ಅಗಲ ಮಾಡಿದರೆ ಊರು ಹತ್ತಿರ ಬರುವುದಿಲ್ಲ, ಅಷ್ಟೇ.

ಮ್ಯೂಟ್_ಮೇಷ್ಟ್ರು:
ಮೇಲಿನವರು ರೋಗ ಹೇಳಿದರು, ಮದ್ದು ನಾನು ಹೇಳುತ್ತೇನೆ. ಒಬ್ಬರನ್ನು ಬಿಟ್ಟು ಎಲ್ಲರೂ ಮ್ಯೂಟ್. ಮುಗಿಯಿತು.

ಮುನ್ನಡೆಸುವವರು ಒಬ್ಬರೇ ನುಡಿಸಿ ಹಾಡುತ್ತಾರೆ. ಉಳಿದ ಏಳು ಜನ ಅವರನ್ನು ಕೇಳಿಕೊಂಡು ತಮ್ಮ ತಮ್ಮ ಮನೆಯಲ್ಲಿ ನುಡಿಸುತ್ತಾರೆ. ಅವರ ಸದ್ದು ನಿಮಗೆ ಎಷ್ಟೇ ತಡವಾಗಿ ಬರಲಿ, ನಿಮ್ಮ ಕಿವಿಗೆ ಬೀಳುವುದು ಅವರದು ಮತ್ತು ನಿಮ್ಮದು ಎರಡೇ, ಎರಡೂ ಸರಿಯಾಗಿ ಕೂಡುತ್ತವೆ. ಯಾರ ಮನೆಯಲ್ಲಿ ಯಾವಾಗ ಕೂಡುತ್ತದೆ ಅನ್ನುವುದು ಯಾರಿಗೂ ಬೇಡ. ಮೋಸ ಅನ್ನಿಸಬಹುದು, ಮೊದಲು ನನಗೂ ಹಾಗೇ ಅನ್ನಿಸಿತ್ತು. ಆದರೆ ನಾವು ಎರಡು ವರ್ಷದಿಂದ ಹೀಗೇ ನುಡಿಸುತ್ತಿದ್ದೇವೆ.

ಕಷ್ಟ ಇರುವುದು ಮುನ್ನಡೆಸುವವರಿಗೆ. ಏಳು ಜನ ಬಾಯಿ ಅಲ್ಲಾಡಿಸುತ್ತಾ ಕಾಣುತ್ತಾರೆ, ಒಂದು ಸದ್ದೂ ಇಲ್ಲ, ಗೋಡೆಗೆ ಹಾಡಿದ ಹಾಗಿರುತ್ತದೆ. ಪರದೆಯ ಮೇಲೆ ಬೇರೆಯವರ ಕೈ ನೋಡಲೇಬೇಡಿ! ಅವರ ಕೈ ಹಿಂದೆ ಇರುತ್ತದೆ, ನೋಡಿದಿರೋ ನಿಮ್ಮ ಲಯವೂ ಜಾರಿತು. ನಾನು ಕಾರ್ಡ್ ಹಾಳೆಯನ್ನು ಪರದೆಗೆ ಅಡ್ಡವಾಗಿಯೇ ಇಟ್ಟುಕೊಳ್ಳುತ್ತೇನೆ. ಕಾರ್ಡ್ ಬದಲಾಗುವ ಒಂದು ಬೀಟ್ ಮುಂಚೆ ಹೆಸರು ಕೂಗಿ ಹೇಳಿದರೆ ಹೊಸಬರು ಬದುಕಿಕೊಳ್ಳುತ್ತಾರೆ. ಒಂದೊಂದು ಹಾಡಿಗೆ ಒಬ್ಬೊಬ್ಬರು ಮುನ್ನಡೆಸಿ, ಎಲ್ಲರಿಗೂ ಆ ಕಷ್ಟ ಗೊತ್ತಾಗಲಿ.

ಇನ್ನೊಂದು. ಎಲ್ಲರೂ ಶ್ರುತಿ ಮಾಡಿಕೊಂಡೇ ಕಾಲ್‌ಗೆ ಬನ್ನಿ. ಎಂಟು ಜನ ಮೈಕ್ ಆನ್ ಇಟ್ಟು ಜಿ-ಸಿ-ಇ-ಎ ನಾಲ್ಕೂ ತಂತಿಯ ಬಿರಡೆ ತಿರುವುತ್ತಾ ಕೂತರೆ ಅರ್ಧ ಗಂಟೆ ಅದಕ್ಕೇ ಹೋಗುತ್ತದೆ. ಎ ತಂತಿ 440 ಹರ್ಟ್ಸ್, ಎಲ್ಲರ ಟ್ಯೂನರ್‌ನಲ್ಲೂ ಅದೇ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ ಸಾಕು.

ತಾಳತಪ್ಪಿದವಳು:
ಅಯ್ಯೋ, ಇಷ್ಟು ಸುಲಭವಾ. ಆದರೆ ಒಬ್ಬರೇ ನುಡಿಸಿದರೂ ನಮ್ಮಲ್ಲಿ ಸದ್ದು ಅರ್ಧಂಬರ್ಧ ಬರುತ್ತದೆ. ಕಾರ್ಡ್ ಹೊಡೆದ ತಕ್ಷಣ "ಟಕ್" ಅಂತ ಕೇಳಿಸುತ್ತದೆ, ಆಮೇಲೆ ಯಾರೋ ತಂತಿ ಮೇಲೆ ಕೈಯಿಟ್ಟ ಹಾಗೆ ಸುಮ್ಮನಾಗುತ್ತದೆ. ಯುಕುಲೇಲೆಯೇ ಕೆಟ್ಟಿದೆಯಾ ಅಂತ ಒಬ್ಬರು ತಂತಿ ಕೂಡ ಬದಲಾಯಿಸಿಬಿಟ್ಟರು.

ಕೇಬಲ್_ಭಕ್ತ:
ಪಾಪ, ತಂತಿ ಏನು ಮಾಡೀತು. ಈ ಆ್ಯಪ್‌ಗಳು ಇರುವುದು ಮಾತಿಗೆ. ಮಾತು ಬಿಟ್ಟು ಬೇರೆ ಏನೇ ಬಂದರೂ ಗದ್ದಲ ಅಂತ ಒರೆಸಿಹಾಕುತ್ತವೆ. ಫ್ಯಾನ್ ಸದ್ದೂ ಒಂದೇ, ನಿಮ್ಮ ಎಫ್ ಕಾರ್ಡೂ ಒಂದೇ. ಝೂಮ್ ಆದರೆ ಕಂಪ್ಯೂಟರ್‌ನಲ್ಲಿ ಆಡಿಯೋ ಸೆಟ್ಟಿಂಗ್ಸ್‌ಗೆ ಹೋಗಿ "ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್" ಆನ್ ಮಾಡಿ, ಅದರ ಕೆಳಗೆ ಹೈ ಫಿಡೆಲಿಟಿ ಮ್ಯೂಸಿಕ್ ಮೋಡ್ ಇರುತ್ತದೆ, ಅದನ್ನೂ ಹಾಕಿ. ಮೀಟಿಂಗ್ ಒಳಗೂ ಅದರ ಬಟನ್ ಆನ್ ಆಗಿದೆಯಾ ನೋಡಿ, ಬಹಳ ಜನ ಮರೆಯುವುದು ಅದನ್ನೇ. ಬೇರೆ ಆ್ಯಪ್ ಆದರೆ ನಾಯ್ಸ್ ಸಪ್ರೆಶನ್ ಅಥವಾ ನಾಯ್ಸ್ ಕ್ಯಾನ್ಸಲೇಶನ್ ಅಂತ ಎಲ್ಲಿದೆಯೋ ಹುಡುಕಿ ಆಫ್ ಮಾಡಿ. ಎಕೋ ಕ್ಯಾನ್ಸಲೇಶನ್ ತೆಗೆಯುವುದಾದರೆ ಮುನ್ನಡೆಸುವವರು ಹೆಡ್‌ಫೋನ್ ಹಾಕಲೇಬೇಕು, ಇಲ್ಲದಿದ್ದರೆ ಯಾರಾದರೂ ಮಾತಾಡಿದಾಗ ಅವರ ದನಿಯೇ ಅವರಿಗೆ ವಾಪಸ್ ಹೋಗುತ್ತದೆ.

ಬ್ಲೂಟೂತ್ ಬಗ್ಗೆ ಎಲ್ಲರೂ ಬೈಯುತ್ತಾರೆ, ಆದರೆ ಮ್ಯೂಟ್ ಆಗಿ ಹಿಂಬಾಲಿಸುವವರಿಗೆ ಅದರಿಂದ ಏನೂ ನಷ್ಟ ಇಲ್ಲ. ಮುನ್ನಡೆಸುವವರು ಮಾತ್ರ ಅದರ ಮೈಕ್ ಬಳಸಬೇಡಿ, ಹಳೇ ಟೆಲಿಫೋನ್ ಥರ ಕೇಳಿಸುತ್ತದೆ. ಮೈಕನ್ನು ಸೌಂಡ್ ಹೋಲ್‌ಗೆ ನೇರ ಹಿಡಿಯಬೇಡಿ, ಗುಂಯ್ ಅನ್ನುತ್ತದೆ. ಕುತ್ತಿಗೆ ಬಂದು ಡಬ್ಬಕ್ಕೆ ಸೇರುವ ಕಡೆಗೆ ಒಂದು ಗೇಣು ದೂರದಲ್ಲಿಟ್ಟು ನೋಡಿ.

ಜಾಮ್_ಹುಚ್ಚ:
ಮ್ಯೂಟ್ ಮಾಡಿಕೊಂಡು ನುಡಿಸೋದು ಕ್ಯಾರಿಯೋಕೆ ಗುರು, ಅದನ್ನ ಒಟ್ಟಿಗೆ ನುಡಿಸೋದು ಅಂತಾರಾ? ನಿಜವಾಗಿ ಒಟ್ಟಿಗೆ ನುಡಿಸಬಹುದು. ಜಾಮ್ಯುಲಸ್, ಸೋನೋಬಸ್, ಜ್ಯಾಕ್‌ಟ್ರಿಪ್ ಅಂತ ಸಾಫ್ಟ್‌ವೇರ್‌ಗಳು ಇವೆ, ಇವು ಇರುವುದೇ ಇದಕ್ಕೆ. ಮೊದಲೆರಡು ಪೂರ್ತಿ ಉಚಿತ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ, ಅಂದರೆ 1000 ಕಿಲೋಮೀಟರ್‌ಗೆ 5 ಮಿಲಿಸೆಕೆಂಡ್. ದಾರಿ ಸ್ವಲ್ಪ ಸುತ್ತುಬಳಸು ಇರುತ್ತದೆ ಅಂತಿಟ್ಟುಕೊಂಡರೂ ದೂರ ಅಷ್ಟು ದೊಡ್ಡ ವಿಲನ್ ಅಲ್ಲ. ಹೊತ್ತು ತಿನ್ನುವುದು ವೈಫೈ, ಸೌಂಡ್ ಕಾರ್ಡ್, ಮತ್ತೆ ವೀಡಿಯೋ ಆ್ಯಪ್ ಸದ್ದನ್ನು ಕೂಡಿಟ್ಟುಕೊಂಡು ನಿಧಾನಕ್ಕೆ ಬಿಡುವುದು. ಹಾಗಾಗಿ ರೌಟರ್‌ನಿಂದ ನೇರ ಕೇಬಲ್ ಹಾಕಿ, ವೈರ್ ಇರುವ ಹೆಡ್‌ಫೋನ್ ಹಾಕಿ, ಆಡಿಯೋ ಇಂಟರ್‌ಫೇಸ್ ಇದ್ದರೆ ಒಳ್ಳೆಯದು, ವಿಂಡೋಸ್ ಆದರೆ ಎಎಸ್‌ಐಓ ಡ್ರೈವರ್ (ಸದ್ದಿನ ತಡ ಕಡಿಮೆ ಮಾಡುವ ತಂತ್ರಾಂಶ). ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು, 128 ಸ್ಯಾಂಪಲ್‌ಗೆ ಇಳಿಸಿದರೆ 48 ಕಿಲೋಹರ್ಟ್ಸ್‌ನಲ್ಲಿ ಅದು ಮೂರು ಮಿಲಿಸೆಕೆಂಡ್‌ಗಿಂತ ಕಡಿಮೆ. ಜಾಮ್ಯುಲಸ್‌ನಲ್ಲಿ ಎಲ್ಲರಿಗೂ ಹತ್ತಿರ ಇರುವ ಸರ್ವರ್ ಆರಿಸಿ. ಮುಖ ನೋಡಲೇಬೇಕು ಅಂದರೆ ಪಕ್ಕದಲ್ಲಿ ವೀಡಿಯೋ ಕಾಲ್ ಮ್ಯೂಟ್ ಮಾಡಿ ಇಟ್ಟುಕೊಳ್ಳಿ.

ನಿಂಜಾಮ್ ಅಂತ ಇನ್ನೊಂದಿದೆ, 2005ರದ್ದು. ಅದರ ಉಪಾಯ ನನಗೆ ತುಂಬಾ ಇಷ್ಟ. ತಡವನ್ನು ಕಡಿಮೆ ಮಾಡುವ ಗೋಜಿಗೇ ಹೋಗುವುದಿಲ್ಲ, ಪೂರ್ತಿ ಒಂದು ಆವರ್ತಕ್ಕೆ ಹಿಗ್ಗಿಸಿಬಿಡುತ್ತದೆ. ಬೇರೆಯವರು ಹೋದ ಆವರ್ತದಲ್ಲಿ ನುಡಿಸಿದ್ದರ ಮೇಲೆ ನೀವು ಈಗ ನುಡಿಸುತ್ತೀರಿ. ಸಿ, ಎ ಮೈನರ್, ಎಫ್, ಜಿ7 ಅಂತ ಸುತ್ತುತ್ತಲೇ ಇರುವ ಹಾಡಿಗೆ ಹೇಳಿ ಮಾಡಿಸಿದ ಹಾಗಿದೆ. ಪಲ್ಲವಿ ಒಂದು ಥರ, ಚರಣ ಇನ್ನೊಂದು ಥರ ಇದ್ದರೆ ಆಗಲ್ಲ.

ಮ್ಯೂಟ್_ಮೇಷ್ಟ್ರು:
@ಜಾಮ್_ಹುಚ್ಚ ಕ್ಯಾರಿಯೋಕೆ ಅಂದರೆ ಅನ್ನಿ, ಬೇಜಾರಿಲ್ಲ. ನಮ್ಮ ಗುಂಪಿನಲ್ಲಿ ಅರ್ಧ ಜನ ಫೋನಿನಲ್ಲೇ ಬರುತ್ತಾರೆ. ಅವರಿಗೆ ಡ್ರೈವರ್, ಬಫರ್ ಅಂತ ಹೇಳಿಕೊಡುವ ಹೊತ್ತಿಗೆ ಒಂದು ಗಂಟೆ ಮುಗಿದು ಊಟದ ಹೊತ್ತಾಗಿರುತ್ತದೆ. ನೀವು ಎಷ್ಟು ಜನ ನುಡಿಸುತ್ತೀರಿ?

ಜಾಮ್_ಹುಚ್ಚ:
ಮೂರು. 😅 ನಾಲ್ಕನೆಯವರು ಇನ್ನೂ ಕೇಬಲ್ ಎಳೆಸುತ್ತಿದ್ದಾರೆ.

ಹಳೇ_ಬುರುಡೆ:
ಇಬ್ಬರೂ ಹೇಳಿದ್ದು ಸರಿ, ಆದರೆ ಒಂದು ಗಂಟೆ ಪೂರ್ತಿ ಒಟ್ಟಿಗೇ ನುಡಿಸಬೇಕು ಅಂತ ಯಾಕೆ ಹಟ? ನಾವು ಮೊದಲರ್ಧ ಮ್ಯೂಟ್ ಮಾಡಿ ನುಡಿಸುತ್ತೇವೆ, ಉಳಿದರ್ಧ ಸರದಿ. ಒಬ್ಬರು ಒಂದು ಸಾಲು ನುಡಿಸುತ್ತಾರೆ, ಮುಂದಿನವರು ಉತ್ತರ ಕೊಡುತ್ತಾರೆ, ಮಧ್ಯೆ ಸ್ವಲ್ಪ ಬಿಡುವು ಬಂದರೂ ಯಾರಿಗೂ ಗೊತ್ತಾಗುವುದಿಲ್ಲ. ಒಟ್ಟಿಗೆ ಕೇಳಿಸಲೇಬೇಕು ಅನ್ನುವ ಹಾಡನ್ನು ರೆಕಾರ್ಡ್ ಮಾಡುತ್ತೇವೆ. ಒಬ್ಬರು ಮೆಟ್ರೊನೋಮ್ ಹಾಕಿ ನುಡಿಸಿ ಕಳಿಸುತ್ತಾರೆ, ಅದನ್ನು ಹೆಡ್‌ಫೋನ್‌ನಲ್ಲಿ ಕೇಳುತ್ತಾ ಉಳಿದವರು ತಮ್ಮದನ್ನು ರೆಕಾರ್ಡ್ ಮಾಡುತ್ತಾರೆ, ಆಮೇಲೆ ಆಡಾಸಿಟಿ ಅನ್ನುವ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಇಡುವುದು. ಮೊದಲ ಟ್ರ್ಯಾಕ್‌ನಲ್ಲಿ ಎಣಿಕೆ ಮುಗಿದ ಮೇಲೆ ಒಂದು ಚಪ್ಪಾಳೆ ಇರಲಿ, ಎಲ್ಲರೂ ಅದರ ಜೊತೆಗೇ ತಟ್ಟಲಿ, ಜೋಡಿಸುವಾಗ ಅದನ್ನು ಹಿಡಿದೇ ಜೋಡಿಸುವುದು.

ಅಂದ ಹಾಗೆ, ಯುಕುಲೇಲೆಯ ಪೂರ್ವಜ ವಾದ್ಯಗಳು ಪೋರ್ಚುಗಲ್‌ನ ಮದೈರಾ ದ್ವೀಪದಿಂದ ಹವಾಯಿಗೆ ಹೋದದ್ದು 1879ರಲ್ಲಿ, ಹಡಗಿನಲ್ಲಿ, ತಿಂಗಳುಗಟ್ಟಲೆ ಪ್ರಯಾಣ. ಅದರ ಮುಂದೆ 150 ಮಿಲಿಸೆಕೆಂಡ್ ಯಾವ ಲೆಕ್ಕ ಬಿಡಿ.

ತಾಳತಪ್ಪಿದವಳು:
ನಿನ್ನೆ ಮ್ಯೂಟ್ ಮಾಡಿ ನುಡಿಸಿದೆವು. ಐದು ಹಾಡು ಮುಗಿಸಿದೆವು ಅಂದರೆ ನಂಬಿ! ಒರಿಜಿನಲ್ ಸೌಂಡ್ ಹಾಕಿದ ಮೇಲೆ ಮುನ್ನಡೆಸುವವರ ಯುಕುಲೇಲೆ ಪಕ್ಕದಲ್ಲೇ ಕೂತ ಹಾಗೆ ಕೇಳಿಸಿತು. ನನ್ನ ಸರದಿ ಬಂದಾಗ ಮಾತ್ರ ಮೇಷ್ಟ್ರು ಹೇಳಿದ್ದು ಮರೆತು ಒಬ್ಬರ ಕೈ ನೋಡಿಬಿಟ್ಟೆ, ಅಲ್ಲೇ ಜಾರಿದೆ.

ಕೊನೆಯ ಹಾಡಿನ ಕೊನೆಯ ಸಿ ಕಾರ್ಡ್‌ಗೆ ಎಲ್ಲರೂ ಅನ್‌ಮ್ಯೂಟ್ ಮಾಡಿ ಒಮ್ಮೆ ಹೊಡೆಯೋಣ ಅಂತ ಆಸೆ ಆಯಿತು. ಅಟ್ಟದಿಂದ ಪಾತ್ರೆ ಉರುಳಿದ ಹಾಗೆ ಎಂಟು ಕಾರ್ಡ್ ಒಂದರ ಹಿಂದೊಂದು ಬಿದ್ದವು. ಅದರಲ್ಲಿ ಒಂದು ಮಾತ್ರ ಸಿ ಅಲ್ಲ. ನೋಡಿದರೆ ನಮ್ಮಲ್ಲೊಬ್ಬರು ಈ ವಾರ ಹೊಸದಾಗಿ ಬ್ಯಾರಿಟೋನ್ (ದೊಡ್ಡ ಗಾತ್ರದ ಯುಕುಲೇಲೆ) ತಂದಿದ್ದಾರೆ, ಅದರ ತಂತಿ ಡಿ-ಜಿ-ಬಿ-ಇ ಅನ್ನುವುದು ಗೊತ್ತಿಲ್ಲದೆ ಐದು ಹಾಡಿಗೂ ನಮ್ಮ ಸಿ ಬೆರಳನ್ನೇ ಹಿಡಿದು ಜಿ ಕಾರ್ಡ್ ನುಡಿಸಿದ್ದಾರೆ. "ನನಗೂ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು, ಲ್ಯಾಗ್ ಇರಬೇಕು ಅಂದುಕೊಂಡೆ" ಅಂದರು.